ಸೀಸದ ಗುಂಡಿನ ಎರಕ: ಮೂಸೆಯಿಂದ ನಳಿಗೆಯವರೆಗೆ

ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸವಿರುವ ಒಂದಷ್ಟು ಮಂದಿ ತಮಗೆ ಬೇಕಾದ ಗುಂಡನ್ನು ತಾವೇ ಎರಕ ಹೊಯ್ದುಕೊಳ್ಳುತ್ತಾರೆ. ಗ್ಯಾರೇಜಿನ ಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಕರೆಂಟಿನಲ್ಲಿ ಕಾಯುವ ಮೂಸೆ, ಎರಡು ಹೋಳಿನ ಅಚ್ಚು, ಕೆಳಗೆ ಹಳೆ ಸೀಸದ ಗಟ್ಟಿಗಳು. 2020ರಲ್ಲಿ ಅಲ್ಲಿನ ಅಂಗಡಿಗಳಲ್ಲಿ ತೋಟೆ ಸಿಗುವುದೇ ಕಷ್ಟವಾದಾಗ ಹೊಸಬರೂ ಈ ಕಡೆ ತಿರುಗಿದರು. ಸಾಮಾನ್ಯವಾಗಿ ಇದನ್ನು ಕಲಿಯುವುದು ಪಕ್ಕದಲ್ಲಿ ನಿಂತು, ಪಳಗಿದ ಹಿರಿಯರೊಬ್ಬರ ಕೈ ನೋಡುತ್ತ. ಆ ಕೈ ಯಾಕೆ ಹಾಗೆ ಓಡುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಗೊತ್ತಿದ್ದರೆ ನೋಡಿದ್ದು ಬೇಗ ತಲೆಗೆ ಹತ್ತುತ್ತದೆ. ಅದಕ್ಕಾಗಿ ಈ ಲೇಖನ.

ಹೊಸಬರ ತಲೆಯಲ್ಲಿ ಎರಡು ತಪ್ಪು ತಿಳಿವಳಿಕೆ ಇರುತ್ತವೆ. ಗುಂಡು ಗಟ್ಟಿಯಾದಷ್ಟೂ ಒಳ್ಳೆಯದು ಎನ್ನುವುದು ಒಂದು. ಕರಗಿದ ಸೀಸದಿಂದ ಏಳುವ ವಿಷದ ಹಬೆಯೇ ದೊಡ್ಡ ಅಪಾಯ ಎನ್ನುವುದು ಇನ್ನೊಂದು. ಗಟ್ಟಿತನಕ್ಕಿಂತ ಅಳತೆ ಮುಖ್ಯ. ಹಬೆಗಿಂತ ಕೈಗೆ ಮೆತ್ತಿದ ಧೂಳು ಅಪಾಯಕಾರಿ.

ಗುಂಡು ಬೇರೆ, ತೋಟೆ ಬೇರೆ

ಮಾತಿನಲ್ಲಿ ಎರಡನ್ನೂ ಗುಂಡು ಎಂದೇ ಕರೆದುಬಿಡುತ್ತೇವೆ. ತೋಟೆ ಎಂದರೆ ನಾಲ್ಕು ಭಾಗ ಸೇರಿದ ಪೂರ್ತಿ ವಸ್ತು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದಿನ ಪುಡಿ, ಬಾಯಿಯಲ್ಲಿ ಕೂತ ಗುಂಡು. ನಳಿಗೆಯಿಂದ ಹಾರಿಹೋಗುವುದು ಗುಂಡು ಮಾತ್ರ. ಎರಕದ ಹವ್ಯಾಸಕ್ಕೆ ಸಂಬಂಧಿಸಿದ್ದು ಅದೊಂದೇ. ಮದ್ದು ತುಂಬುವುದು ಬೇರೆಯೇ ವಿದ್ಯೆ. ಅದಕ್ಕೆ ಮುದ್ರಿತ ಕೈಪಿಡಿಯ ಕೋಷ್ಟಕ ಬೇಕು, ಅದೂ ಎರಕದ ಗುಂಡಿಗೆಂದೇ ಕೊಟ್ಟ ಕೋಷ್ಟಕ. ಆ ವಿಷಯ ಇಲ್ಲಿ ಬರುವುದಿಲ್ಲ.

ಕಾರ್ಖಾನೆಯ ಗುಂಡಿಗೆ ಹೊರಗೆ ತಾಮ್ರದ ಹೊದಿಕೆ ಇರುತ್ತದೆ. ಎರಕದ ಗುಂಡಿಗೆ ಅದಿಲ್ಲ. ಸೀಸ ನೇರವಾಗಿ ಉಕ್ಕಿನ ನಳಿಗೆಗೆ ಉಜ್ಜುತ್ತದೆ. ಮಿಶ್ರಲೋಹ, ಮೇಣ, ಅಳತೆ ಇತ್ಯಾದಿ ಎಲ್ಲ ತಲೆನೋವೂ ಹುಟ್ಟುವುದು ಈ ಉಜ್ಜಾಟದಿಂದ.

ಮೊದಲು ಕಾನೂನು

ಅಮೆರಿಕದಲ್ಲಿರುವ ಕನ್ನಡಿಗರು ಗಮನಿಸಬೇಕಾದ ಸಂಗತಿ ಒಂದಿದೆ. ಅಲ್ಲಿನ ಫೆಡರಲ್ ಕಾನೂನಿನಲ್ಲಿ ಮದ್ದುಗುಂಡು ಎಂಬುದರ ವ್ಯಾಖ್ಯೆಯೊಳಗೆ ಪೂರ್ತಿ ತೋಟೆಯಷ್ಟೇ ಅಲ್ಲ, ಕೋಶ, ಪ್ರೈಮರ್, ಮದ್ದಿನ ಪುಡಿ, ಬರೀ ಗುಂಡು ಎಲ್ಲವೂ ಸೇರುತ್ತವೆ. ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅದೇ ಕಾನೂನು ನಿಷೇಧಿಸುತ್ತದೆ. ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ಕಿರಿದಾದ ವಿನಾಯಿತಿಗಳಿವೆ. ಹಾಗಾಗಿ ತಾವೇ ಹೊಯ್ದ ಒಂದು ಡಬ್ಬ ಗುಂಡು ಮನೆಯಲ್ಲಿದ್ದರೂ ವೀಸಾದವರಿಗೆ ತೊಂದರೆಯಾಗಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಸ್ವಂತ ಬಳಕೆಗೆ ಹೊಯ್ದುಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ. ವ್ಯಾಪಾರವಾಗಿ ಮಾಡಿ ಮಾರಲು ಬೇಕು. ರಾಜ್ಯಗಳ ನಿಯಮ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ.

ಭಾರತದಲ್ಲಿ ದಾರಿ ಇನ್ನೂ ಕಿರಿದು. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಮದ್ದುಗುಂಡು ಎಂದೇ ಎಣಿಸುತ್ತದೆ. ತಯಾರಿಕೆಗೆ 5ನೇ ಕಲಮಿನಡಿ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪ್ರಸಿದ್ಧ ವಿನಾಯಿತಿ, ಅಂದರೆ 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ ಮುಂದುವರಿಸಿದ್ದು, 3 ಮತ್ತು 4ನೇ ಕಲಮುಗಳಿಗೆ ಸಂಬಂಧಿಸಿದ್ದು. ಅದು ಕೋವಿ ಇಟ್ಟುಕೊಳ್ಳುವುದರ ಬಗ್ಗೆ. ಗುಂಡು ತಯಾರಿಸುವುದರ ಬಗ್ಗೆ ಅಲ್ಲ. ಊರಿನಲ್ಲಿರುವವರು ಇದನ್ನು ತಿಳಿವಳಿಕೆಗಾಗಿ ಓದಬಹುದು, ಮಾಡಿ ನೋಡುವುದಕ್ಕಲ್ಲ.

ಸೀಸ, ತವರ, ಆಂಟಿಮನಿ

ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಉಗುರಿನಲ್ಲಿ ಗೀರಿದರೆ ಗೆರೆ ಬೀಳುವಷ್ಟು ಮೆದು. ಲೋಹದ ಗಡಸುತನ ಅಳೆಯುವ ಬ್ರಿನೆಲ್ ಮಾಪನದಲ್ಲಿ ಅದಕ್ಕೆ ಸುಮಾರು 5. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆ ಮಾದರಿಯ ಕೋವಿಗಳಿಗೆ ಈ ಮೆದು ಸೀಸವೇ ಸರಿ. ಈಗಿನ ಪಿಸ್ತೂಲು, ರೈಫಲುಗಳಿಗೆ ಸ್ವಲ್ಪ ಬಿಗಿ ಬೇಕು. ಅದಕ್ಕೆ ಇನ್ನೆರಡು ಲೋಹ ಸೇರುತ್ತವೆ.

ತವರದ ಕೆಲಸ ಅಚ್ಚಿನ ಮೂಲೆಮೂಲೆಗೂ ಲೋಹ ತುಂಬಿಕೊಳ್ಳುವಂತೆ ಮಾಡುವುದು. ಕರಗಿದ ಸೀಸದ ಮೇಲ್ಮೈ ಬಿಗಿತವನ್ನು ಅದು ಕಡಿಮೆ ಮಾಡುತ್ತದೆ, ಆಗ ಲೋಹ ಉಂಡೆಗಟ್ಟದೆ ಹರಡಿಕೊಳ್ಳುತ್ತದೆ. ನೂರಕ್ಕೆ ಎರಡು ಪಾಲು ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಸಿಗುವ ಲಾಭ ಅಲ್ಪ, ತವರವೋ ಸೀಸಕ್ಕಿಂತ ಎಷ್ಟೋ ಪಟ್ಟು ದುಬಾರಿ.

ಗಡಸುತನ ಕೊಡುವುದು ಆಂಟಿಮನಿ. ಇದರ ಕರಗುವ ಬಿಂದು 630 ಡಿಗ್ರಿ, ಹಾಗಾಗಿ ಹರಳನ್ನು ನೇರ ಮೂಸೆಗೆ ಹಾಕಿದರೆ ಮನೆಯ ಶಾಖಕ್ಕೆ ಸುಮ್ಮನೆ ತೇಲುತ್ತಿರುತ್ತದೆ. ಮೊದಲೇ ಬೆರೆತ ಲೋಹದ ಮೂಲಕವೇ ಅದನ್ನು ತರಬೇಕು. ಹಳೆ ಮುದ್ರಣಾಲಯಗಳ ಅಚ್ಚುಮೊಳೆ ಲೋಹಕ್ಕೆ ಎರಕಗಾರರು ಮುಗಿಬೀಳುವುದು ಇದೇ ಕಾರಣಕ್ಕೆ. ಲೈನೊಟೈಪ್ ಯಂತ್ರದ ಲೋಹದಲ್ಲಿ ಸೀಸ 84, ಆಂಟಿಮನಿ 12, ತವರ 4 ಪಾಲು. ಮೂರೂ ಸೇರಿದ ಈ ಮಿಶ್ರಣ ಸೀಸಕ್ಕಿಂತ ಬೇಗ, ಸುಮಾರು 240 ಡಿಗ್ರಿಗೇ ಕರಗುತ್ತದೆ. ಸಣ್ಣ ಅಕ್ಷರದ ಕೊಂಬು, ಒತ್ತುಗಳೂ ಚೂಪಾಗಿ ಮೂಡಲೆಂದು ಮುದ್ರಣದವರು ಕಂಡುಕೊಂಡ ಪಾಕ ಅದು.

ಎರಕದವರು ಸಾಮಾನ್ಯವಾಗಿ ಬಳಸುವ ಒಂದು ಮಿಶ್ರಣಕ್ಕೆ ಲೈಮನ್ ನಂಬರ್ 2 ಎಂದು ಹೆಸರು: ಸೀಸ 90, ತವರ 5, ಆಂಟಿಮನಿ 5, ಬ್ರಿನೆಲ್ ಸುಮಾರು 15. ಹತ್ತು ಕಿಲೊ ಬೇಕಿದ್ದರೆ ಲೈನೊಟೈಪ್ 4.17 ಕಿಲೊ, ಶುದ್ಧ ಸೀಸ 5.5 ಕಿಲೊ, ತವರ 0.33 ಕಿಲೊ ಸೇರಿಸಿದರೆ ಲೆಕ್ಕ ಕೂಡುತ್ತದೆ. ನಿಧಾನ ವೇಗದ ಪಿಸ್ತೂಲು ಗುಂಡಿಗೆ ಇಷ್ಟೂ ಬೇಕಿಲ್ಲ. ಬ್ರಿನೆಲ್ 10ರಿಂದ 12 ಇದ್ದರೆ ಧಾರಾಳ.

ಹಳೆ ಸೀಸ ಎಲ್ಲಿಂದ

ಬಹುಕಾಲ ಇದಕ್ಕೆ ದೊಡ್ಡ ಮೂಲವೆಂದರೆ ಕಾರಿನ ಚಕ್ರದ ಸಮತೋಲನಕ್ಕೆ ಸಿಕ್ಕಿಸುವ ತೂಕದ ತುಂಡುಗಳು. ಕ್ಲಿಪ್ಪಿನಿಂದ ಕೂರುವ ಸೀಸದ ತುಂಡಿನಲ್ಲಿ ನೂರಕ್ಕೆ ಮೂರು ಪಾಲಿನಷ್ಟು ಆಂಟಿಮನಿ, ಅರ್ಧ ಪಾಲಿನಷ್ಟು ತವರ, ಚೂರು ಆರ್ಸೆನಿಕ್ ಇರುತ್ತವೆ. ಐದು ಕಿಲೊ ಇಂಥ ತುಂಡಿಗೆ ಸುಮಾರು ನೂರು ಗ್ರಾಂ ತವರ ಬೆರೆಸಿದರೆ ಒಳ್ಳೆಯ ಪಿಸ್ತೂಲು ಗುಂಡಿನ ಲೋಹ ಸಿದ್ಧ. ಶುದ್ಧ ತವರ ಸಿಗದಿದ್ದರೆ 60-40ರ ಬೆಸುಗೆ ಕಡ್ಡಿ 165 ಗ್ರಾಂ ಹಾಕಿ. ಅಂಟಿಸುವ ಬಗೆಯ ತುಂಡುಗಳು ಹೆಚ್ಚುಕಡಿಮೆ ಶುದ್ಧ ಸೀಸ; ಅವನ್ನು ಬೇರೆ ಡಬ್ಬದಲ್ಲಿಡಿ.

ಈಗ ವಾಷಿಂಗ್ಟನ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಸೀಸದ ಚಕ್ರತೂಕವನ್ನು ನಿಲ್ಲಿಸಿವೆ. ಟೈರ್ ಅಂಗಡಿಯ ಬಕೆಟ್ಟಿನಲ್ಲಿ ಸತು, ಉಕ್ಕಿನ ತುಂಡುಗಳೇ ಹೆಚ್ಚು. ಉಕ್ಕು ಮೇಲೆ ತೇಲುತ್ತದೆ, ತೆಗೆದು ಎಸೆದರಾಯಿತು. ಸತು ಹಾಗಲ್ಲ. ಅದು 419 ಡಿಗ್ರಿಗೆ ಕರಗಿ ಸೀಸದೊಳಗೆ ಬೆರೆತರೆ ಲೋಹ ಮುದ್ದೆಮುದ್ದೆಯಾಗುತ್ತದೆ, ಅಚ್ಚಿನೊಳಗೆ ಹರಿಯುವುದಿಲ್ಲ. ತಪ್ಪಿಸಲು ಎರಡು ಕಾವಲು. ಮೊದಲು, ಪ್ರತಿ ತುಂಡನ್ನೂ ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿ ನೋಡುವುದು: ಸೀಸ ಸಲೀಸಾಗಿ ಕಚ್ಚಿಸಿಕೊಳ್ಳುತ್ತದೆ, ಸತು ಎದುರು ನಿಲ್ಲುತ್ತದೆ, ಕಾಂಕ್ರೀಟಿನ ಮೇಲೆ ಬಿದ್ದರೆ ಠಣ್ಣೆನ್ನುತ್ತದೆ. ಎರಡನೆಯದು, ಹಳೆ ಲೋಹ ಕರಗಿಸುವಾಗ ಶಾಖವನ್ನು 370 ಡಿಗ್ರಿ ದಾಟಲು ಬಿಡದಿರುವುದು. ಆಗ ಕಣ್ತಪ್ಪಿ ಬಂದ ಸತುವೂ ಕರಗದೆ ತೇಲುತ್ತದೆ.

ಗುರಿ ಮೈದಾನದ ದಿಬ್ಬದಿಂದ ಅಗೆದು ತಂದ ಹಳೆ ಗುಂಡೂ ಒಳ್ಳೆಯ ಸರಕು. ಆದರೆ ತಾಮ್ರದ ಹೊದಿಕೆಯೊಳಗೆ ಮಳೆನೀರು ಕೂತಿರುತ್ತದೆ, ನಡುವೆ ಸಿಡಿಯದ ತೋಟೆ ಸೇರಿರಬಹುದು. ಒಂದೊಂದಾಗಿ ಆರಿಸಿ, ತಣ್ಣನೆಯ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಆಮೇಲೆ ಉರಿ ಹಚ್ಚಬೇಕು.

ಕಾರಿನ ಬ್ಯಾಟರಿ ಮಾತ್ರ ಬೇಡವೇ ಬೇಡ. ಅದರ ತಗಡುಗಳಲ್ಲಿ ಕ್ಯಾಲ್ಸಿಯಂ, ಆಂಟಿಮನಿ, ಆರ್ಸೆನಿಕ್ ಇರುತ್ತವೆ, ಜೊತೆಗೆ ಆಮ್ಲದ ಪಸೆ. ಅದನ್ನು ಕರಗಿಸಿ ಉಳಿದ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೀನ್, ಸ್ಟಿಬೀನ್ ಎಂಬ ಮಾರಕ ಅನಿಲಗಳು ಏಳಬಹುದು. ಸಿಗುವ ಸೀಸವೂ ಅಷ್ಟಕ್ಕಷ್ಟೆ.

ಸಾಮಾನುಗಳು

ಹಳೆ ಲೋಹ ಕರಗಿಸಿ ಶುದ್ಧ ಮಾಡಲು ಒಂದು ಪಾತ್ರೆ, ಗುಂಡು ಹೊಯ್ಯಲು ಇನ್ನೊಂದು. ಎರಡನ್ನೂ ಒಂದೇ ಮಾಡಬೇಡಿ. ಶುದ್ಧಿಗೆ ಹೊರಾಂಗಣದಲ್ಲಿ ಗ್ಯಾಸ್ ಒಲೆಯ ಮೇಲೆ ದಪ್ಪ ಉಕ್ಕಿನ ಅಥವಾ ಬೀಡಿನ ಪಾತ್ರೆ ಸಾಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಬಿಸಿಗೆ ತ್ರಾಣ ಕಳೆದುಕೊಂಡು ಬುಡ ಕಿತ್ತು ಬರಬಹುದು. ಹೊಯ್ಯಲು ಕರೆಂಟಿನ ಮೂಸೆ. ಹೆಚ್ಚು ಬಳಕೆಯಲ್ಲಿರುವುದು ಇಪ್ಪತ್ತು ಪೌಂಡಿನದು, ಅಂದರೆ ಒಂಬತ್ತು ಕಿಲೊ ಹಿಡಿಯುವಂಥದ್ದು. ಇದರಲ್ಲಿ ಎರಡು ಬಗೆ: ಸೌಟಿನಿಂದ ತೋಡಿ ಹೊಯ್ಯುವುದು, ಇಲ್ಲವೇ ತಳದ ತೂಬು ಎತ್ತಿ ಹರಿಸುವುದು. ತಳದ ತೂಬಿನದು ವೇಗ, ಆದರೆ ಕಸ ಸಿಕ್ಕಿಕೊಂಡರೆ ತೊಟ್ಟಿಕ್ಕುತ್ತಲೇ ಇರುತ್ತದೆ. ಶುದ್ಧಿಯ ಪಾತ್ರೆ ಬೇರೆ ಇಡುವುದು ಇದಕ್ಕೇ.

38 ಸ್ಪೆಷಲ್ ರಿವಾಲ್ವರಿನ ವಾಡಿಕೆಯ ಗುಂಡು 158 ಗ್ರೇನ್, ಅಂದರೆ ಹತ್ತು ಗ್ರಾಂ ಚಿಲ್ಲರೆ. ತುಂಬಿದ ಮೂಸೆಯಲ್ಲಿ ಲೆಕ್ಕಕ್ಕೆ 880ಕ್ಕೂ ಹೆಚ್ಚು ಗುಂಡಿನ ಲೋಹ ಇರುತ್ತದೆ. ಆದರೆ ಮೂರನೇ ಒಂದು ಭಾಗ ಉಳಿದಾಗ ನಿಲ್ಲಿಸಿ ಮತ್ತೆ ತುಂಬುವುದು ರೂಢಿ, ಇಲ್ಲದಿದ್ದರೆ ಶಾಖ ಏರಿಳಿಯುತ್ತದೆ.

ಅಚ್ಚು ಅಲ್ಯೂಮಿನಿಯಂ, ಕಬ್ಬಿಣ ಅಥವಾ ಹಿತ್ತಾಳೆಯದು. ಅಲ್ಯೂಮಿನಿಯಂ ಅಗ್ಗ, ಹಗುರ, ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ಕಬ್ಬಿಣ ಶಾಖ ಹಿಡಿದಿಡುತ್ತದೆ, ತುಕ್ಕೂ ಹಿಡಿಯುತ್ತದೆ. ಹೊಸಬರಿಗೆ ಎರಡು ಕುಳಿಯ ಅಲ್ಯೂಮಿನಿಯಂ ಅಚ್ಚು ಸಾಕು.

ಇವುಗಳ ಜೊತೆಗೆ 500 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್, ಸುತ್ತಿಗೆ ಹಿಡಿಯಂಥ ಗಟ್ಟಿ ಮರದ ಕೋಲು, ಗುಂಡು ಬೀಳಿಸಲು ಮೆತ್ತನೆಯ ಹತ್ತಿ ಟವೆಲ್ಲು, ಮುಖ ಪೂರ್ತಿ ಮುಚ್ಚುವ ಪಾರದರ್ಶಕ ಕವಚ, ಚರ್ಮದ ಕೈಗವಸು ಬೇಕು. ಬಟ್ಟೆ ಹತ್ತಿಯದು, ತುಂಬು ತೋಳಿನದು. ನೈಲಾನ್, ಪಾಲಿಯೆಸ್ಟರ್ ಬಿಸಿ ಸೀಸಕ್ಕೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಜಾಲರಿ ಇರುವ ಓಟದ ಬೂಟೂ ಬೇಡ.

ನೀರಿನ ಒಂದು ಹನಿ

ಹಳೆ ಮೈಸೂರಿನ ಮನೆಗಳಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ಕಂಡವರಿಗೆ ಈ ಕೆಲಸದ ಮುಕ್ಕಾಲು ಭಾಗ ಆಗಲೇ ಗೊತ್ತು. ಎರಡು ಹೋಳಿನ ಅಚ್ಚು ಜೋಡಿಸಿ ಬಿಗಿಯುವುದು, ಮೇಲಿನ ತೂತಿನಿಂದ ಬಿಸಿ ಪಾಕ ಹೊಯ್ಯುವುದು, ಗಟ್ಟಿಯಾಗುವವರೆಗೆ ಕಾದು ಹೋಳು ಬಿಡಿಸುವುದು, ಪಾಕದ ಹದ ತಪ್ಪಿದರೆ ಗೊಂಬೆಯ ಮುಖ ಮೂಡದಿರುವುದು. ಒಂದೇ ಒಂದು ಕಡೆ ಎರಡೂ ಪೂರ್ತಿ ವಿರುದ್ಧ. ಅಲ್ಲಿ ಮರದ ಅಚ್ಚನ್ನು ಮೊದಲು ನೀರಿನಲ್ಲಿ ನೆನೆಸಿಡುತ್ತಾರೆ. ಇಲ್ಲಿ ನೀರೇ ಶತ್ರು.

ಕರಗಿದ ಸೀಸದ ಮೇಲೆ ಬಿದ್ದ ಹನಿ ಹೆಚ್ಚೆಂದರೆ ಚುರುಗುಟ್ಟಿ ಆವಿಯಾಗುತ್ತದೆ. ಸೀಸದ ಒಳಗೆ, ಅಡಿಯಲ್ಲಿ ಸಿಕ್ಕಿಬಿದ್ದ ಹನಿ ಹಾಗಲ್ಲ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹೊರದಾರಿ ಸಿಗದ ಆವಿ ಮೇಲಿನ ಸೀಸವನ್ನೆಲ್ಲ ಚಾವಣಿಗೆ ಎರಚುತ್ತದೆ. ಮೂಸೆಯ ಮುಂದೆ ಕೂತವರ ಮುಖಕ್ಕೂ.

ಹನಿ ಬರುವ ದಾರಿಗಳು ಹಲವು. ತಣ್ಣನೆಯ ಗ್ಯಾರೇಜಿನಲ್ಲಿಟ್ಟ ಗಟ್ಟಿಯ ಮೇಲೆ ಬೆವರಿದಂತೆ ಕೂತ ತೇವ. ತಣ್ಣಗಿನ ಸೌಟು, ಚಮಚ. ಹಸಿ ಮರದ ಕಡ್ಡಿ. ಹಣೆಯ ಬೆವರು. ಪಕ್ಕದಲ್ಲಿಟ್ಟ ಕಾಫಿ ಲೋಟ. ಹಿರಿಯರು ಹೊಸ ಗಟ್ಟಿಯನ್ನು ಮೂಸೆಯ ಅಂಚಿನ ಮೇಲೆ ಹತ್ತು ನಿಮಿಷ ಇಟ್ಟು, ಕೈಗೆ ಬಿಸಿ ತಾಗಿದ ಮೇಲೆಯೇ ಇಕ್ಕಳದಿಂದ ಮೆಲ್ಲಗೆ ಜಾರಿಸುವುದು ಇದಕ್ಕಾಗಿ. ನೋಡಲು ಸೋಮಾರಿತನದಂತೆ ಕಾಣುವ ಈ ಅಭ್ಯಾಸವೇ ಕಲಿಯಬೇಕಾದ ಮೊದಲ ಪಾಠ.

ಕಿಟ್ಟ ತೆಗೆಯುವುದು

ಲೋಹ ಪೂರ್ತಿ ಕರಗಿದಾಗ ಮೇಲೆ ಬೂದು ಬಣ್ಣದ ಕೆನೆಗಟ್ಟುತ್ತದೆ. ಹೊಸಬರು ಅದನ್ನು ಕಸವೆಂದು ತೋಡಿ ಚೆಲ್ಲುತ್ತಾರೆ. ಅದರಲ್ಲಿ ಬಹುಪಾಲು ಗಾಳಿಯ ಆಮ್ಲಜನಕ ತಾಗಿ ಆಕ್ಸೈಡ್ ಆದ ತವರ ಮತ್ತು ಸೀಸ. ಚೆಲ್ಲಿದರೆ ದುಬಾರಿ ತವರವನ್ನೇ ಚೆಲ್ಲಿದಂತೆ. ತವರ ಹಗುರವಾದ್ದರಿಂದ ತಾನಾಗಿ ಬೇರೆಯಾಗಿ ತೇಲುತ್ತದೆ ಎಂಬ ಮಾತೂ ತಪ್ಪು. ಒಮ್ಮೆ ಬೆರೆತ ಮೇಲೆ ಅದು ಬೆರೆತೇ ಇರುತ್ತದೆ.

ಆಕ್ಸೈಡನ್ನು ಮತ್ತೆ ಲೋಹವಾಗಿಸಲು ಇಂಗಾಲ ಬೇಕು. ಚೆನ್ನಾಗಿ ಒಣಗಿದ ಮರದ ಹೊಟ್ಟನ್ನು ಒಂದು ಹಿಡಿ ಮೇಲೆ ಹರಡಿ. ಅದು ಹೊಗೆಯಾಡಿ ಕಪ್ಪಾಗುತ್ತದೆ. ಹೊಗೆಗೆ ಬೆಂಕಿಕಡ್ಡಿ ತೋರಿಸಿದರೆ ಉರಿದು ಹೊಗೆ ಕಡಿಮೆಯಾಗುತ್ತದೆ. ಒಣ ಕಡ್ಡಿಯಿಂದ ಪಾತ್ರೆಯ ಗೋಡೆ, ತಳ ಕೆರೆಯುತ್ತ ಎರಡು ಮೂರು ನಿಮಿಷ ಕಲಕಿ. ಮೇಲ್ಮೈ ಕನ್ನಡಿಯಾಗಿ, ಉಳಿದದ್ದು ಒಣ ಕಂದು ಪುಡಿಯಾದಾಗ ಅದನ್ನು ತೆಗೆಯಿರಿ. ಅದು ನಿಜವಾದ ಕಿಟ್ಟ. ಜೇನುಮೇಣ, ಮೇಣದಬತ್ತಿಯ ತುಂಡಿನಿಂದಲೂ ಇದೇ ಕೆಲಸ ಆಗುತ್ತದೆ, ಹೊಗೆ ಮತ್ತು ಉರಿ ಹೆಚ್ಚು. ಶುದ್ಧವಾದ ಲೋಹವನ್ನು ಸಣ್ಣ ಗಟ್ಟಿಗಳಾಗಿ ಹೊಯ್ದು, ಯಾವ ಮಿಶ್ರಣ ಎಂದು ಮಾರ್ಕರಿನಲ್ಲಿ ಗುರುತು ಹಾಕಿಡಿ. ಗುರುತಿಲ್ಲದ ಗಟ್ಟಿ ಆರು ತಿಂಗಳ ಮೇಲೆ ಒಗಟಾಗುತ್ತದೆ.

ಹೊಯ್ಯುವ ಲಯ

ಹೊಸ ಅಚ್ಚಿಗೆ ಕಾರ್ಖಾನೆಯ ಎಣ್ಣೆ ಬಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪು, ಹಳೆ ಹಲ್ಲುಜ್ಜುವ ಬ್ರಷ್ಷು, ಬಿಸಿನೀರಿನಿಂದ ಉಜ್ಜಿ, ಪೂರ್ತಿ ಒಣಗಿಸಿ. ಎಣ್ಣೆಯ ಲೇಶ ಉಳಿದರೂ ಗುಂಡಿನ ಮೈ ಸುಕ್ಕಾಗುತ್ತದೆ. ಹೋಳುಗಳು ಕೂಡುವ ಮುಖದ ಮೇಲಿನ ಸಣ್ಣ ಗೀರುಗಳನ್ನು ದೋಷವೆಂದು ತಿಳಿದು ಉಜ್ಜಿ ನುಣ್ಣಗೆ ಮಾಡಬೇಡಿ. ಅವು ಒಳಗಿನ ಗಾಳಿ ಹೊರಹೋಗುವ ದಾರಿ.

ಮೂಸೆಯ ಶಾಖ 370ರಿಂದ 400 ಡಿಗ್ರಿ. ಎಲ್ಲರೂ ಇದನ್ನು ನೋಡುತ್ತಾರೆ, ಅಚ್ಚಿನ ಶಾಖವನ್ನು ಮರೆಯುತ್ತಾರೆ. ತಣ್ಣನೆಯ ಅಚ್ಚಿಗೆ ಎಷ್ಟೇ ಬಿಸಿ ಲೋಹ ಹೊಯ್ದರೂ ಗೋಡೆಗೆ ತಾಗಿದ ಕೂಡಲೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಅಚ್ಚನ್ನು ಮೊದಲು ಕರೆಂಟಿನ ಒಲೆಯ ಮೇಲೆ ಕಾಯಿಸಿ, ಇಲ್ಲವೇ ಅದರ ಒಂದು ಮೂಲೆಯನ್ನು ಅರ್ಧ ನಿಮಿಷ ಕರಗಿದ ಲೋಹದಲ್ಲಿ ಅದ್ದಿ. ಮೂಲೆಗೆ ಸೀಸ ಅಂಟದೆ ಹೊರಬಂದರೆ ಅಚ್ಚು ತಯಾರು.

ಅಚ್ಚಿನ ಮೇಲೆ ತೂತಿರುವ ಒಂದು ತಗಡು ಇರುತ್ತದೆ, ಸ್ಪ್ರೂ ಪ್ಲೇಟ್ ಎನ್ನುತ್ತಾರೆ. ಆ ತೂತಿಗೆ ಧಾರೆ ಬಿಡಿ. ಕುಳಿ ತುಂಬಿದ ಮೇಲೂ ತಗಡಿನ ಮೇಲೆ ಒಂದು ಸಣ್ಣ ಗುಳ್ಳೆಯಷ್ಟು ಲೋಹ ನಿಲ್ಲುವಂತೆ ಹೊಯ್ಯಿರಿ. ಸೀಸ ಗಟ್ಟಿಯಾಗುವಾಗ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಲೋಹ ಇಳಿಯುವುದು ಈ ಗುಳ್ಳೆಯಿಂದಲೇ. ಜಿಪುಣತನ ಮಾಡಿದರೆ ಗುಂಡಿನ ಬುಡದಲ್ಲಿ ಗುಳಿ ಬೀಳುತ್ತದೆ.

ಈಗ ಗುಳ್ಳೆಯನ್ನು ನೋಡುತ್ತಿರಿ. ಮೊದಲು ಹೊಳೆಯುತ್ತದೆ, ಕೆಲವು ಸೆಕೆಂಡಿನಲ್ಲಿ ತಟ್ಟನೆ ಮಂಕಾಗುತ್ತದೆ. ಮಂಕಾದ ಮೇಲೆ ಇನ್ನೂ ಎರಡು ಮೂರು ಸೆಕೆಂಡು ಬಿಟ್ಟು ಮರದ ಕೋಲಿನಿಂದ ತಗಡನ್ನು ಪಕ್ಕಕ್ಕೆ ತಟ್ಟಿ. ಗುಳ್ಳೆ ಕತ್ತರಿಸಿ ಬೀಳುತ್ತದೆ. ಅವಸರಪಟ್ಟರೆ ಬುಡ ಹರಿದುಬರುತ್ತದೆ, ತಗಡಿನ ಅಡಿಗೆ ಸೀಸ ಬಳಿದುಕೊಳ್ಳುತ್ತದೆ. ಅಚ್ಚು ತೆರೆದು ಟವೆಲ್ಲಿನ ಮೇಲೆ ಬೀಳಿಸಿ. ಗುಂಡು ಕಚ್ಚಿಕೊಂಡಿದ್ದರೆ ಹಿಡಿಗಳು ಕೂಡುವ ಕೀಲಿನ ಮೇಲೆ ಕೋಲಿನಿಂದ ತಟ್ಟಬೇಕು. ಅಚ್ಚಿನ ಮೈಗೆ ಯಾವತ್ತೂ ಏಟು ಬೀಳಬಾರದು, ಕಬ್ಬಿಣದ ಸಲಾಕೆಯನ್ನಂತೂ ಹತ್ತಿರವೂ ತರಬಾರದು.

ಮೊದಲ ಹತ್ತಿಪ್ಪತ್ತು ಗುಂಡು ಕೆಡುವುದು ಸಹಜ. ನೋಡುತ್ತ ಕೂರದೆ ಹೊಯ್ಯುತ್ತ ಹೋಗಿ. ನಿಮಿಷಕ್ಕೆ ಮೂರು ನಾಲ್ಕು ಸಲ ಹೊಯ್ಯುವ ಲಯ ಕೂತಾಗ ಅಚ್ಚಿನ ಶಾಖ ತಾನಾಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಪಳಗಿದವರು ಹೊಯ್ಯುವಾಗ ಮಾತಾಡದಿರುವುದು ಗತ್ತಿನಿಂದಲ್ಲ. ಅರ್ಧ ನಿಮಿಷ ನಿಂತರೂ ಅಚ್ಚು ತಣ್ಣಗಾಗಿ ಮುಂದಿನ ಐದಾರು ಗುಂಡು ಕೆಡುತ್ತವೆ.

ಕೆಟ್ಟ ಗುಂಡನ್ನು ಓದುವುದು

ಮೈಯೆಲ್ಲ ಸುಕ್ಕು ಇದ್ದರೆ ಅಚ್ಚು ತಣ್ಣಗಿದೆ ಅಥವಾ ಎಣ್ಣೆ ಉಳಿದಿದೆ. ಇಪ್ಪತ್ತು ಸಲ ಹೊಯ್ದರೂ ಸುಕ್ಕು ಅದೇ ಜಾಗದಲ್ಲಿ ಬಂದರೆ ಎಣ್ಣೆಯೇ. ಮೈ ಪೂರ್ತಿ ಬೂದುಬಣ್ಣದ ಮಬ್ಬು ಹಿಡಿದಿದ್ದರೆ ಅಚ್ಚು ಹೆಚ್ಚು ಕಾದಿದೆ. ತುಸು ಮಬ್ಬು ಹಿಡಿದ ಗುಂಡು ಚೆನ್ನಾಗಿಯೇ ಹಾರುತ್ತದೆ, ಅದನ್ನು ಎಸೆಯಬೇಕಿಲ್ಲ. ಹೋಳು ಕೂಡುವ ಗೆರೆಯುದ್ದಕ್ಕೂ ತೆಳ್ಳನೆಯ ಪಕಳೆ ಬಂದಿದ್ದರೆ ನಡುವೆ ಸೀಸದ ಚೂರು ಸಿಕ್ಕಿ ಅಚ್ಚು ಪೂರ್ತಿ ಮುಚ್ಚುತ್ತಿಲ್ಲ.

ಎಲ್ಲಕ್ಕಿಂತ ಮುಖ್ಯ ಬುಡದ ಅಂಚು. ಅದು ಚೂಪಾಗಿ, ಸುತ್ತಲೂ ಒಂದೇ ಸಮ ಇರಬೇಕು. ಗುಂಡು ನಳಿಗೆ ಬಿಡುವ ಕ್ಷಣದಲ್ಲಿ ಹಿಂದಿನ ಅನಿಲದ ಒತ್ತಡ ಬುಡವನ್ನೇ ತಳ್ಳುತ್ತಿರುತ್ತದೆ. ಅಂಚಿನ ಒಂದು ಕಡೆ ಉರುಟಾಗಿದ್ದರೆ ಅನಿಲ ಅತ್ತ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಮೂತಿಯಲ್ಲಿ ಸಣ್ಣ ಕಲೆ ಇದ್ದರೆ ಗುರಿಗೆ ಅಷ್ಟೇನೂ ಧಕ್ಕೆಯಿಲ್ಲ. ಹೊಸಬರು ಮೂತಿ ನೋಡಿ ಆರಿಸುತ್ತಾರೆ, ಹಳಬರು ಬುಡ ನೋಡಿ. ಎಸೆದದ್ದೆಲ್ಲ ಮತ್ತೆ ಮೂಸೆಗೆ ಹೋಗುವುದರಿಂದ ನಷ್ಟವೇನೂ ಇಲ್ಲ, ಆದರೆ ಹೊಯ್ಯುತ್ತಿರುವಾಗಲೇ ಹಾಕಿದರೆ ಶಾಖ ಕುಸಿಯುತ್ತದೆ. ಕೊನೆಗೆ ಹಾಕಿ.

ಹೊರಗೆ ಕಾಣದ ಗಾಳಿಗುಳ್ಳೆ ತೂಕದಲ್ಲಿ ಸಿಗುತ್ತದೆ. ದೂರದ ಗುರಿಯ ರೈಫಲ್ ಗುಂಡಾದರೆ ಒಂದೊಂದನ್ನೂ ತೂಗಿ, ಸರಾಸರಿಗಿಂತ ಶೇಕಡಾ ಒಂದರಷ್ಟು ಹಗುರವಾದದ್ದನ್ನು ತೆಗೆದಿಡುತ್ತಾರೆ.

ಅಳತೆ

ನಳಿಗೆಯ ಒಳಗೆ ಸುರುಳಿಯಾಗಿ ಸಾಗುವ ಗಾಡಿಗಳು, ಅಂದರೆ ಕೊರೆದ ತೋಡುಗಳು, ಇರುತ್ತವೆ. ಗುಂಡು ಆ ಗಾಡಿಯ ತಳ ಮುಟ್ಟುವಷ್ಟು ದಪ್ಪವಿದ್ದರೆ ಹಿಂದಿನ ಅನಿಲಕ್ಕೆ ಸಂದಿಲ್ಲ. ಕೂದಲೆಳೆ ಕಡಿಮೆಯಾದರೂ ಉರಿಯುವ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತದೆ. ಇದನ್ನು ಲೆಡ್ಡಿಂಗ್ ಎನ್ನುತ್ತಾರೆ. ಹೀಗಾದಾಗ ಹೆಚ್ಚಿನವರು ಇನ್ನೂ ಗಟ್ಟಿ ಮಿಶ್ರಲೋಹಕ್ಕೆ ಹೋಗುತ್ತಾರೆ. ಅದರಿಂದ ಪರಿಸ್ಥಿತಿ ಬಿಗಡಾಯಿಸುತ್ತದೆ. ಮೆದು ಗುಂಡಾದರೂ ಒತ್ತಡಕ್ಕೆ ತುಸು ಹಿಗ್ಗಿ ಸಂದು ಮುಚ್ಚುತ್ತಿತ್ತು. ಗಟ್ಟಿಯದು ಅದೂ ಮಾಡದು.

ನಿಯಮ ಸರಳ. ಗುಂಡು ಗಾಡಿಯ ವ್ಯಾಸಕ್ಕಿಂತ ಒಂದು ಇಂಚಿನ ಸಾವಿರ ಪಾಲಿನಲ್ಲಿ ಒಂದರಿಂದ ಎರಡು ಪಾಲು, ಅಂದರೆ 0.025ರಿಂದ 0.05 ಮಿಲಿಮೀಟರ್ ದಪ್ಪ ಇರಬೇಕು. 38 ಸ್ಪೆಷಲ್‌ಗೆ ತಾಮ್ರದ ಹೊದಿಕೆಯ ಗುಂಡು .357 ಇಂಚು, ಎರಕದ್ದು .358. 45 ಕ್ಯಾಲಿಬರಿನ ಪಿಸ್ತೂಲಿಗೆ .451 ಮತ್ತು .452. 9 ಎಂಎಂಗೆ ತಾಮ್ರದ್ದು .355, ಎರಕದ್ದು .356ರಿಂದ .358ರವರೆಗೆ, ಪಿಸ್ತೂಲಿನಿಂದ ಪಿಸ್ತೂಲಿಗೆ ಬದಲಾಗುತ್ತದೆ.

ನಿಮ್ಮದೇ ನಳಿಗೆಯ ಅಳತೆ ತಿಳಿಯಲು, ಕೋವಿ ಖಾಲಿಯಿದೆಯೆಂದು ಎರಡೆರಡು ಸಲ ನೋಡಿ, ನಳಿಗೆಗೆ ಎಣ್ಣೆ ಸವರಿ, ಶುದ್ಧ ಸೀಸದ ತುಂಡೊಂದನ್ನು ಈ ಬಾಯಿಯಿಂದ ಆ ಬಾಯಿಗೆ ಹೊಡೆದು ದಾಟಿಸಿ, ಅದರ ಅತಿ ದಪ್ಪ ಭಾಗವನ್ನು ಮೈಕ್ರೊಮೀಟರಿನಲ್ಲಿ ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಇಷ್ಟು ಸೂಕ್ಷ್ಮಕ್ಕೆ ಸಾಲದು. ರಿವಾಲ್ವರ್ ಆದರೆ ಇನ್ನೊಂದು ಗಂಟು: ತಿರುಗುವ ಸಿಲಿಂಡರಿನ ಮುಂಬಾಯಿ ನಳಿಗೆಯ ಗಾಡಿಗಿಂತ ಕಿರಿದಾಗಿದ್ದರೆ ಎಷ್ಟು ದಪ್ಪ ಗುಂಡು ಹಾಕಿದರೂ ಅಲ್ಲೇ ಹಿಂಡಿ ಸಣ್ಣದಾಗಿಬಿಡುತ್ತದೆ. ಅಂಥದ್ದಕ್ಕೆ ಪರಿಹಾರ ಮಿಶ್ರಲೋಹದಲ್ಲಿಲ್ಲ, ಕೋವಿ ರಿಪೇರಿಯವರ ಬಳಿ ಇದೆ.

ಬಳಿದುಕೊಂಡ ಸೀಸ ಎಲ್ಲಿದೆ ಎನ್ನುವುದೂ ಸುಳಿವು. ತೋಟೆ ಕೂರುವ ತುದಿಯಲ್ಲಿದ್ದರೆ ಗುಂಡು ಸಣ್ಣದು. ಬಾಯಿಯ ಕಡೆ ಇದ್ದರೆ ಮೇಣ ಅರ್ಧ ದಾರಿಯಲ್ಲೇ ಮುಗಿದಿದೆ.

ಮೇಣ ಅಥವಾ ಪುಡಿಬಣ್ಣ

ಎರಕದ ಗುಂಡಿನ ಸುತ್ತ ಇರುವ ಗಾಡಿಗಳು ಮೇಣ ತುಂಬಲು. ಜೇನುಮೇಣ ಮತ್ತು ಆಲೊಕ್ಸ್ ಎಂಬ ಜಿಡ್ಡನ್ನು ಸಮಸಮ ಬೆರೆಸಿದ್ದು ಹಳೆಯ ಪಾಕ. ಕೈಯೊತ್ತು ಯಂತ್ರವೊಂದು ಗುಂಡನ್ನು ನಿಖರ ವ್ಯಾಸಕ್ಕೆ ಒತ್ತುತ್ತಲೇ ಗಾಡಿಗೆ ಮೇಣವನ್ನೂ ತುಂಬುತ್ತದೆ.

ಈಚೆಗೆ ಪುಡಿಬಣ್ಣದ ದಾರಿ ಜನಪ್ರಿಯ. ಬೈಕಿನ ಚಾಸಿಗೆ ಹೊಡೆಯುವ ಪೌಡರ್ ಕೋಟಿಂಗ್ ಪುಡಿಯೇ. ಪ್ಲಾಸ್ಟಿಕ್ ಡಬ್ಬದಲ್ಲಿ ಗುಂಡು, ಪುಡಿ ಹಾಕಿ ಗಿರಗಿರ ಕುಲುಕಿದರೆ ಸ್ಥಾಯಿ ವಿದ್ಯುತ್ತಿನಿಂದ ಪುಡಿ ಅಂಟುತ್ತದೆ. 200 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ಗಟ್ಟಿ ಪೊರೆ. ಹೊಗೆ ಕಡಿಮೆ, ಕೈಗೆ ಸೀಸ ತಾಗುವುದೂ ಕಡಿಮೆ. ಪೊರೆಯಿಂದ ವ್ಯಾಸ ಹೆಚ್ಚುವುದರಿಂದ ಬೇಯಿಸಿದ ಮೇಲೆಯೇ ಅಳತೆಗೆ ಒತ್ತಬೇಕು. ಆ ಓವನ್ನಿನಲ್ಲಿ ಮುಂದೆಂದೂ ಅಡುಗೆ ಮಾಡಬಾರದು.

ಸೀಸ ಮೈಗೆ ಸೇರುವ ದಾರಿ

ಸೀಸ ಕುದಿಯುವುದು 1,749 ಡಿಗ್ರಿಗೆ. ಎರಕದ 400 ಡಿಗ್ರಿಯಲ್ಲಿ ಅದರಿಂದ ಏಳುವ ಆವಿ ತೀರ ಅತ್ಯಲ್ಪ. ಗಾಳಿಯಾಡುವ ಜಾಗ ಬೇಕೇ ಬೇಕು, ಆದರೆ ಮುಖ್ಯವಾಗಿ ಹೊಟ್ಟಿನ ಹೊಗೆ ಮತ್ತು ಅದರೊಡನೆ ಏಳುವ ಧೂಳಿಗಾಗಿ. ಕಿಟ್ಟದ ಆ ನುಣ್ಣನೆಯ ಪುಡಿ ಬಟ್ಟೆಗೆ, ಬೆರಳಿಗೆ ಮೆತ್ತಿ, ಅಲ್ಲಿಂದ ತಿಂಡಿಗೆ, ಸಿಗರೇಟಿಗೆ, ಮಕ್ಕಳ ಕೆನ್ನೆಗೆ ದಾಟುತ್ತದೆ. ರಕ್ತದಲ್ಲಿನ ಸೀಸ ಅರ್ಧವಾಗಲು ಸುಮಾರು ಒಂದು ತಿಂಗಳು ಸಾಕು. ಎಲುಬಿಗೆ ಸೇರಿದ್ದು ದಶಕಗಳ ಕಾಲ ಅಲ್ಲೇ ಇರುತ್ತದೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಕಂಡರೂ ಗಮನ ಕೊಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಟ್ಟ ಇಳಿಸಿದೆ.

ಆದ್ದರಿಂದ ಅಡುಗೆಮನೆಯಲ್ಲಿ ಎರಕವಿಲ್ಲ, ಮೇಜಿನ ಬಳಿ ತಿನ್ನುವುದು ಕುಡಿಯುವುದಿಲ್ಲ. ಕೆಲಸ ಮುಗಿದ ಕೂಡಲೇ ಸೋಪಿನಿಂದ ತಣ್ಣೀರಲ್ಲಿ ಕೈ ತೊಳೆದು, ಬಟ್ಟೆ ಬದಲಿಸಿ, ಅದನ್ನು ಬೇರೆಯಾಗಿ ಒಗೆಯಿರಿ. ಆ ಬೂಟು ಗ್ಯಾರೇಜಿನಲ್ಲೇ ಇರಲಿ. ಕಸ ಗುಡಿಸಿದರೆ ಧೂಳು ಗಾಳಿಗೇರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ, ಅದೂ ಮೂಸೆ ಪೂರ್ತಿ ತಣ್ಣಗಾದ ಮೇಲೆ. ಗರ್ಭಿಣಿಯರೂ ಚಿಕ್ಕ ಮಕ್ಕಳೂ ಆ ಜಾಗದಿಂದ ದೂರವಿರಬೇಕು. ವರ್ಷಕ್ಕೊಮ್ಮೆ ರಕ್ತದ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ. ಅಂಕಿ ಏರಿದ್ದರೆ ಎರಕದ ಮೇಜನ್ನಷ್ಟೇ ಅನುಮಾನಿಸಬೇಡಿ: ಹೆಚ್ಚಿನ ಪ್ರೈಮರುಗಳಲ್ಲಿ ಸೀಸದ ಸಂಯುಕ್ತ ಇರುತ್ತದೆ, ಗಾಳಿಯಾಡದ ಒಳಾಂಗಣ ಗುರಿಮನೆಯಲ್ಲಿ ಉಸಿರಿನೊಡನೆ ಒಳಹೋಗುವುದು ಅದೇ.

ಕಿಟ್ಟವನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ, ಒಣಗಿರುವಂತೆ ಕೂಡಿಡಿ. ಅದನ್ನು ಮನೆಯ ಕಸಕ್ಕೆ ಹಾಕುವಂತಿಲ್ಲ. ಕೌಂಟಿಯ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಕೊಡಬೇಕು.